ಒಡೆದ ಎಂಜಿನ್ನಿನ ಚರಿತ್ರೆ

ನನ್ನ ಓದುವ ಮೇಜಿನ ಮೇಲೆ, ಗಾಳಿಗೆ ಕಾಗದಗಳು ಹಾರಿಹೋಗದಿರಲೆಂದು ಭಾರಕ್ಕಾಗಿ ಒಂದು ವಸ್ತುವನ್ನು ಇಟ್ಟುಕೊಂಡಿದ್ದೇನೆ. ಮನೆಗೆ ಬರುವ ವಿದ್ಯಾರ್ಥಿಗಳು ಅದನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡುತ್ತಾರೆ. ಬೋರಲು ಹಾಕಿದ ಲೋಟದಂತಿದೆ, ಆದರೆ ಲೋಟವಲ್ಲ. ಒಂದು ಮಗ್ಗುಲು ನುಣುಪಾಗಿದೆ. ಇನ್ನೊಂದು ಮಗ್ಗುಲಲ್ಲಿ ಹುಲಿ ಪರಚಿದಂತೆ ಉದ್ದುದ್ದ ಗೀರುಗಳು. ಅದು ಮೋಟಾರ್ ಸೈಕಲ್ಲಿನ ಪಿಸ್ಟನ್ನು ಎಂದು ಹೇಳಿದರೆ ಅವರಿಗೆ ಆಶ್ಚರ್ಯ. ಕನ್ನಡ ಮೇಷ್ಟರ ಮನೆಯಲ್ಲಿ ಓಲೆಗರಿಯಿರಬಹುದು, ತಾಮ್ರಶಾಸನದ ಪಡಿಯಚ್ಚು ಇರಬಹುದು. ಒಡೆದ ಪಿಸ್ಟನ್ನಿಗೆ ಇಲ್ಲೇನು ಕೆಲಸ?

ಕೆಲಸವುಂಟು. ಅದನ್ನು ಹೇಳುವುದಕ್ಕೆ ಮೊದಲು ನನ್ನದೊಂದು ಅಪರಾಧವನ್ನು ಒಪ್ಪಿಕೊಳ್ಳಬೇಕು.

ನಮ್ಮ ತಂದೆಯವರಲ್ಲಿ ಒಂದು ಯೆಜ್ಡಿ ಗಾಡಿಯಿತ್ತು. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾದದ್ದು. ಆ ಕಾರ್ಖಾನೆ 1961ರಲ್ಲಿ ಜಾವಾ ಎಂಬ ಹೆಸರಿನಿಂದ ಗಾಡಿಗಳನ್ನು ಮಾಡತೊಡಗಿ, 1973ರಿಂದ ಯೆಜ್ಡಿ ಎಂಬ ಹೆಸರಿನಿಂದ ಮುಂದುವರಿಸಿ, 1996ರಲ್ಲಿ ಬಾಗಿಲು ಮುಚ್ಚಿತು. ಒಂದು ಕಾಲಕ್ಕೆ ಅದರ ಸದ್ದು ಕೇಳದ ಬೀದಿ ನಮ್ಮ ಊರಿನಲ್ಲಿರಲಿಲ್ಲ. ಈ ಗಾಡಿಯ ಎಂಜಿನ್ನಿಗೆ ಎಣ್ಣೆಯನ್ನು ಬೇರೆಯಾಗಿ ಹಾಕುವಂತಿಲ್ಲ. ಪೆಟ್ರೋಲಿನಲ್ಲಿಯೇ ಅಳತೆಯಾಗಿ ಬೆರೆಸಬೇಕು. ಮರೆತರೆ ಪಿಸ್ಟನ್ನಿಗೆ ಜಾರುವುದಕ್ಕೆ ಜಿಡ್ಡೇ ಇಲ್ಲ.

ನಾನು ಬಿ.ಎ. ಓದುತ್ತಿದ್ದ 1999ರ ಮಾತು. ಗೆಳೆಯನೊಬ್ಬನನ್ನು ಹಿಂದೆ ಕೂರಿಸಿಕೊಂಡು ಮೇಲುಕೋಟೆಗೆ ಹೊರಟವನು ದಾರಿಯಲ್ಲಿ ಪೆಟ್ರೋಲು ತುಂಬಿಸಿದೆ. ಎಣ್ಣೆ ಬೆರೆಸುವುದನ್ನು ಮರೆತೆ. ಬೆಟ್ಟದ ಏರಿನಲ್ಲಿ ಗಾಡಿ ಒಮ್ಮೆ ನರಳಿದಂತೆ ಮಾಡಿ, ಹಿಂದಿನ ಚಕ್ರ ಕಚ್ಚಿಕೊಂಡು, ನಿಂತೇಬಿಟ್ಟಿತು. ಅದನ್ನು ಲಾರಿಯೊಂದಕ್ಕೆ ಹೇರಿಕೊಂಡು ಮೈಸೂರಿಗೆ ಬಂದು, ನಮ್ಮ ಬೀದಿಯ ಕೊನೆಯ ಮೇಸ್ತ್ರಿಯ ಮುಂದೆ ನಿಲ್ಲಿಸಿದೆವು. ಆತ ಸಿಲಿಂಡರನ್ನು ಬಿಚ್ಚಿ, ಪಿಸ್ಟನ್ನನ್ನು ಬೆಳಕಿಗೆ ಹಿಡಿದು ನೋಡಿ, “ಎಣ್ಣೆ ಹಾಕದೆ ಓಡಿಸಿದ್ದೀಯಲ್ಲಪ್ಪಾ!” ಎಂದ. ತಂದೆಯವರಿಗೆ ಹೇಳಬೇಡಿರೆಂದು ಅಂಗಲಾಚಿದೆ. “ನಾನು ಹೇಳೋದಿಲ್ಲ. ಆದರೆ ಒಡೆದಿದ್ದು ಸುಮ್ಮನಿರೋದಿಲ್ಲ ಕಣಪ್ಪ. ಯಾಕೆ ಒಡೀತು ಅಂತ ಅದೇ ಹೇಳುತ್ತೆ” ಎಂದು ನಕ್ಕ. ಮನೆಯಲ್ಲಿ ನಾನು, ಎಂಜಿನ್ನು ಹಳೆಯದಾಗಿ ಹೋಯಿತೆಂದು ಹೇಳಿದೆ. ತಂದೆಯವರು ಹೂಂಗುಟ್ಟಿದರು. ಕಾರ್ಖಾನೆ ಮುಚ್ಚಿ ಮೂರು ವರ್ಷವಾಗಿತ್ತು. ಹೊಸ ಪಿಸ್ಟನ್ನಿಗಾಗಿ ಅಂಗಡಿ ಅಂಗಡಿ ಅಲೆದರು. ಸಿಲಿಂಡರನ್ನು ಬೋರು ಮಾಡಿಸಿ, ಒಂದು ಸುತ್ತು ದಪ್ಪನಾದ ಪಿಸ್ಟನ್ನು ಕೂರಿಸಿದ ಮೇಲೆ ಗಾಡಿ ಮತ್ತೆ ಓಡಿತು.

ಮೇಸ್ತ್ರಿಯ ಮಾತಿನ ಬೆಲೆ ನನಗೆ ತಿಳಿದದ್ದು ಬಹು ಕಾಲದ ಮೇಲೆ, ಭೂಗೋಳದ ಆಚೆಯ ತುದಿಯಲ್ಲಿದ್ದ ಇನ್ನೊಬ್ಬನ ಚರಿತ್ರೆಯನ್ನು ಓದಿದಾಗ. ಆ ಮನುಷ್ಯನನ್ನು ಕುರಿತ ಚಲನಚಿತ್ರವೊಂದು 2005ರಲ್ಲಿ ಬಂದಿತು. ನಿರ್ದೇಶಕ ರೋಜರ್ ಡೊನಾಲ್ಡ್‌ಸನ್. ಮುಖ್ಯ ಪಾತ್ರದಲ್ಲಿ ಆಂಥೊನಿ ಹಾಪ್ಕಿನ್ಸ್. ಹೆಸರು ‘ದಿ ವರ್ಲ್ಡ್ಸ್ ಫಾಸ್ಟೆಸ್ಟ್ ಇಂಡಿಯನ್’, ಎಂದರೆ ಜಗತ್ತಿನಲ್ಲೆಲ್ಲ ಹೆಚ್ಚು ವೇಗದ ಇಂಡಿಯನ್. ನಮ್ಮ ದೇಶದ ಯಾವನೋ ಓಟಗಾರನ ಕಥೆಯಿರಬೇಕೆಂದು ಅಭಿಮಾನದಿಂದ ನೋಡಲು ಕುಳಿತೆ. ‘ಇಂಡಿಯನ್’ ಎಂಬುದು ಮನುಷ್ಯನಲ್ಲ, ಮೋಟಾರ್ ಸೈಕಲ್ಲು ಎಂದು ಆಮೇಲೆ ತಿಳಿಯಿತು. ನಮಗೂ ಆ ಹೆಸರಿಗೂ ಸಂಬಂಧವಿಲ್ಲ. ಅಮೆರಿಕದ ಮೂಲನಿವಾಸಿಗಳಿಗೆ ಕೊಲಂಬಸನ ತಪ್ಪಿನಿಂದ ಅಂಟಿಕೊಂಡ ಹೆಸರನ್ನೇ ಅಲ್ಲಿನವರು ಒಂದು ಯಂತ್ರಕ್ಕೆ ಇಟ್ಟಿದ್ದರು.

ಆ ಯಂತ್ರದ ಕುಲವನ್ನು ಸ್ವಲ್ಪ ಹೇಳಬೇಕು. ಮ್ಯಾಸಚೂಸೆಟ್ಸ್ ಸಂಸ್ಥಾನದ ಸ್ಪ್ರಿಂಗ್‌ಫೀಲ್ಡ್ ಎಂಬಲ್ಲಿ, ಸೈಕಲ್ ಪಂದ್ಯಗಳಲ್ಲಿ ಹೆಸರು ಮಾಡಿದ್ದ ಜಾರ್ಜ್ ಹೆಂಡೀ, ಯಂತ್ರಜ್ಞನಾದ ಆಸ್ಕರ್ ಹೆಡ್‌ಸ್ಟ್ರಾಮ್ ಎಂಬಿಬ್ಬರು ಸೇರಿ 1901ರಲ್ಲಿ ಇಂಡಿಯನ್ ಮೋಟಾರ್ ಸೈಕಲ್ಲಿಗೆ ರೂಪು ಕೊಟ್ಟರು. ಹತ್ತೇ ವರ್ಷಗಳಲ್ಲಿ ಅದರ ಕೀರ್ತಿ ಸಮುದ್ರ ದಾಟಿತು. 1911ರಲ್ಲಿ ಬ್ರಿಟನ್ನಿನ ಐಲ್ ಆಫ್ ಮ್ಯಾನ್ ದ್ವೀಪದ ಹಿರಿಯ ಪಂದ್ಯದಲ್ಲಿ ಮೊದಲ ಮೂರು ಸ್ಥಾನಗಳೂ ಇಂಡಿಯನ್ ಗಾಡಿಗಳಿಗೇ ದಕ್ಕಿದವು. ಎರಡನೆಯವನಾಗಿ ಬಂದ ಚಾರ್ಲ್ಸ್ ಫ್ರಾಂಕ್ಲಿನ್ ಎಂಬ ಐರಿಷ್ ಎಂಜಿನಿಯರು ಮುಂದೆ ಆ ಕಂಪನಿಗೇ ಸೇರಿ, 1920ರ ವರ್ಷಕ್ಕಾಗಿ ‘ಸ್ಕೌಟ್’ ಎಂಬ ಹೊಸ ಗಾಡಿಯನ್ನು ರಚಿಸಿದ. ‘ವಿ’ ಅಕ್ಷರದಂತೆ ಓರೆಯಾಗಿ ನಿಂತ ಎರಡು ಸಿಲಿಂಡರುಗಳು; ಸುಮಾರು 600 ಸಿ.ಸಿ. ಗಾತ್ರ, ಗಂಟೆಗೆ 55 ಮೈಲಿ, ಎಂದರೆ 88 ಕಿಲೋಮೀಟರು, ಅದರ ಪರಮಾವಧಿ ವೇಗ. ಗಟ್ಟಿಮುಟ್ಟಾದ, ಸಾಧುವಾದ ಗಾಡಿ. ಪಂದ್ಯದ ಕುದುರೆಯಲ್ಲ, ಸಂಸಾರಸ್ಥರ ಕುದುರೆ.

ಆ ವರ್ಷವೇ ಈ ಗಾಡಿಗಳಲ್ಲೊಂದು ನ್ಯೂಜಿಲೆಂಡಿನ ದಕ್ಷಿಣದ ತುದಿಯ ಇನ್‌ವರ್‌ಕಾರ್ಗಿಲ್ ಪಟ್ಟಣಕ್ಕೆ ಬಂದಿಳಿಯಿತು. ಅದರ ಎಂಜಿನ್ನಿನ ಮೇಲೆ ಕೊರೆದಿದ್ದ ಅಂಕೆ 50ಆರ್627. ಕೊಂಡವನು 21 ವರ್ಷದ ರೈತನ ಮಗ, ಹರ್ಬರ್ಟ್ ಜೇಮ್ಸ್ ಮನ್ರೋ; ಜನ ಕರೆಯುತ್ತಿದ್ದುದು ಬರ್ಟ್ ಮನ್ರೋ ಎಂದು. 1899ರ ಮಾರ್ಚ್ 25ರಂದು ಹುಟ್ಟಿದವನು, ಎಡೆನ್‌ಡೇಲ್ ಎಂಬ ಹಳ್ಳಿಯ ಕಡೆ ಹೊಲದಲ್ಲಿ ಬೆಳೆದವನು. ಯಂತ್ರಶಾಸ್ತ್ರದ ಪದವಿಯಿಲ್ಲ; ಕೈಯಲ್ಲಿ ಹಣವೂ ಇಲ್ಲ. ಆ ಗಾಡಿಯನ್ನು ಅವನು ಬದುಕಿನುದ್ದಕ್ಕೂ ಬಿಡಲಿಲ್ಲ. 1926ರಲ್ಲಿ ಅದನ್ನು ಬಿಚ್ಚಿ ತಿದ್ದಲು ತೊಡಗಿದವನು, ಮುಂದಿನ ನಾಲ್ಕು ದಶಕಗಳ ಕಾಲ ತಿದ್ದುತ್ತಲೇ ಇದ್ದ.

ತಿದ್ದುವುದೆಂದರೆ ಒಡೆಯುವುದು, ಒಡೆದದ್ದನ್ನು ಮತ್ತೆ ಕಟ್ಟುವುದು. ಏಕೆಂಬುದನ್ನು ಯಂತ್ರ ಅರಿಯದ ನನ್ನಂಥವರಿಗೂ ತಿಳಿಯುವಂತೆ ಹೇಳಲು ಪ್ರಯತ್ನಿಸುತ್ತೇನೆ. ಎಂಜಿನ್ನಿನಲ್ಲಿ ಪಿಸ್ಟನ್ನು ಬಾವಿಯ ಬಿಂದಿಗೆಯಂತೆ ಮೇಲಕ್ಕೆ ಕೆಳಕ್ಕೆ ಓಡಾಡುತ್ತದೆ. ಅದನ್ನು ತಿರುಗುವ ಕ್ರ್ಯಾಂಕಿಗೆ ಜೋಡಿಸುವುದು ಕನೆಕ್ಟಿಂಗ್ ರಾಡು ಎಂಬ ತೋಳು. ನಿಮಿಷಕ್ಕೆ 5,000 ಸುತ್ತು ತಿರುಗುವ ಎಂಜಿನ್ನಿನಲ್ಲಿ ಪಿಸ್ಟನ್ನು ನಿಮಿಷಕ್ಕೆ 10,000 ಬಾರಿ ಗಕ್ಕನೆ ನಿಂತು ಹಿಂದಿರುಗಬೇಕು. ಪ್ರತಿ ಸಲವೂ ಅದನ್ನು ಹಿಡಿದೆಳೆದು ತಿರುಗಿಸುವ ಪಾಡು ಆ ತೋಳಿನದು. ಸುತ್ತಿನ ವೇಗ ಎರಡರಷ್ಟಾದರೆ ತೋಳಿನ ಮೇಲೆ ಬೀಳುವ ಸೆಳೆತ ಎರಡರಷ್ಟಲ್ಲ, ನಾಲ್ಕರಷ್ಟು. ಇನ್ನು ಎದುರುಗಾಳಿಯ ಲೆಕ್ಕ ಇದಕ್ಕಿಂತ ಕ್ರೂರ: ವೇಗ ಎರಡರಷ್ಟಾಗಬೇಕಾದರೆ ಎಂಜಿನ್ನಿನ ಶಕ್ತಿ ಸುಮಾರು ಎಂಟರಷ್ಟಾಗಬೇಕು. 55 ಮೈಲಿಗೆಂದು ಹುಟ್ಟಿದ ಎಂಜಿನ್ನಿನಿಂದ 100 ಮೈಲಿ ಬೇಡಿದರೆ, ಅದರ ಒಂದಲ್ಲ ಒಂದು ಅಂಗ ಇಂದಲ್ಲ ನಾಳೆ ಸಿಡಿಯಲೇಬೇಕು. ತೋಳು ಮುರಿದರಂತೂ ಆ ತುಂಡು ಒಳಗೆಲ್ಲ ಬಡಿದಾಡಿ, ಪಿಸ್ಟನ್ನು ಚೂರು ಮಾಡಿ, ಹೊರಗಿನ ಗೋಡೆಯನ್ನೇ ತೂತು ಮಾಡುತ್ತದೆ.

ಇಂಥ ಎಂಜಿನ್ನನ್ನು ರಿಪೇರಿ ಮಾಡುವುದು ಹೇಗೆ? ಹಣವುಳ್ಳವನು ಹೊಸ ಭಾಗವನ್ನು ತರಿಸುತ್ತಾನೆ. ಮನ್ರೋ ತರಿಸಲಿಲ್ಲ. ತರಿಸಿದರೂ ಹಳೆಯ ನಮೂನೆಯದೇ ಬರುತ್ತಿತ್ತು. ಹಳೆಯ ನಮೂನೆ ಒಡೆಯುತ್ತದೆಂಬುದು ಆಗಲೇ ತಿಳಿದಿತ್ತಲ್ಲ. ಇದಲ್ಲದೆ, ಸ್ಪ್ರಿಂಗ್‌ಫೀಲ್ಡಿನ ಕಾರ್ಖಾನೆಯೇ 1953ರಲ್ಲಿ ಇಂಡಿಯನ್ ಗಾಡಿಗಳನ್ನು ಮಾಡುವುದನ್ನು ನಿಲ್ಲಿಸಿತು. ತಾಯಿಬೇರು ಒಣಗಿದ ಮೇಲೆ ಕೊಂಬೆ ತನ್ನ ಪಾಡನ್ನು ತಾನೇ ನೋಡಿಕೊಳ್ಳಬೇಕು.

ಆದ್ದರಿಂದ ಅವನು ಎಲ್ಲವನ್ನೂ ತಾನೇ ಮಾಡಿಕೊಂಡ. ಪಿಸ್ಟನ್ನುಗಳನ್ನು ಸ್ವಂತವಾಗಿ ಎರಕ ಹೊಯ್ದ. ಎರಕಕ್ಕೆ ಹಳೆಯ ತಗಡಿನ ಡಬ್ಬಿಗಳೇ ಅಚ್ಚು. ಅಲ್ಯುಮಿನಿಯಂ 660 ಡಿಗ್ರಿ ಸೆಂಟಿಗ್ರೇಡಿಗೆ ಕರಗುವ ಲೋಹವಾದ್ದರಿಂದ ಸಾಮಾನ್ಯ ಒಲೆಯಲ್ಲೂ ಕರಗಿಸಬಹುದು. ಕಷ್ಟವಿರುವುದು ಕರಗಿಸುವುದರಲ್ಲಲ್ಲ. ಅಚ್ಚಿನಲ್ಲಿ ತೇವವಿದ್ದರೆ ಆವಿಯೆದ್ದು ಎರಕದ ಒಳಗೆ ಗುಳ್ಳೆ ನಿಲ್ಲುತ್ತದೆ; ಆರುವಾಗ ಲೋಹ ಕುಗ್ಗಿ ಒಳಗೆ ಪೊಳ್ಳು ಬೀಳುತ್ತದೆ. ಹೊರಗಿನ ಕಣ್ಣಿಗೆ ಅದು ಕಾಣದು. ಎಂಜಿನ್ನು ಭರದಿಂದ ತಿರುಗುವಾಗ ಮಾತ್ರ ಕಾಣುತ್ತದೆ. ಪಿಸ್ಟನ್ನನ್ನು ಸಿಲಿಂಡರಿಗೆ ಹೊಂದಿಸುವುದೂ ಹದದ ಕೆಲಸವೇ. ಕಾವೇರಿದಾಗ ಅಲ್ಯುಮಿನಿಯಂ ಬೀಡುಕಬ್ಬಿಣಕ್ಕಿಂತ ಹೆಚ್ಚು ಹಿಗ್ಗುತ್ತದೆ. ನಡುವೆ ಸಂದು ಕಡಿಮೆಯಾದರೆ ಪಿಸ್ಟನ್ನು ಹಿಗ್ಗಿ ಗೋಡೆಗೆ ಕಚ್ಚಿಕೊಳ್ಳುತ್ತದೆ, ನನ್ನ ಯೆಜ್ಡಿಯಲ್ಲಿ ಎಣ್ಣೆಯಿಲ್ಲದೆ ಕಚ್ಚಿಕೊಂಡ ಹಾಗೆ. ಸಂದು ಹೆಚ್ಚಾದರೆ ಬೆಂಕಿಯ ಬಲ ಪಕ್ಕದಿಂದ ಸೋರಿಹೋಗುತ್ತದೆ. ಕೂದಲೆಳೆಯ ಲೆಕ್ಕಾಚಾರ. ಇದನ್ನು ಅಳೆಯಲು ಮೈಕ್ರೋಮೀಟರ್ ಎಂಬ ನಾಜೂಕಿನ ಉಪಕರಣ ಬೇಕು. ಮನ್ರೋವಿನ ಮೈಕ್ರೋಮೀಟರು ಚಕ್ರದ ಒಂದು ಹಳೆಯ ಕಡ್ಡಿ!

ಸಿಲಿಂಡರುಗಳನ್ನೂ ಫ್ಲೈವೀಲುಗಳನ್ನೂ ಅವನೇ ತಯಾರಿಸಿದ. ಪದೇ ಪದೇ ಮುರಿಯುತ್ತಿದ್ದ ಕನೆಕ್ಟಿಂಗ್ ರಾಡಿಗೆ, ಟ್ರ್ಯಾಕ್ಟರಿನ ಹಳೆಯ ಅಚ್ಚುಮರದ ಉಕ್ಕನ್ನು ಕೈಯಾರೆ ಕಡೆದು ರೂಪ ಕೊಟ್ಟು, ಕಾಯಿಸಿ ಹದ ಮಾಡಿದ. ನಮ್ಮ ಹಳ್ಳಿಯ ಕುಲುಮೆಯಲ್ಲಿ ಮಚ್ಚಿಗೆ ಹದ ಕೊಡುವುದನ್ನು ನೋಡಿದವರಿಗೆ ಈ ಕೆಲಸದ ಮರ್ಮ ಗೊತ್ತು: ಹದ ಹೆಚ್ಚಾದರೆ ಉಕ್ಕು ಗಾಜಿನಂತೆ ಸಿಡಿಯುತ್ತದೆ, ಕಡಿಮೆಯಾದರೆ ಬಾಗುತ್ತದೆ. ಮೂಲದ ಎಂಜಿನ್ನಿನಲ್ಲಿ ವಾಲ್ವುಗಳು ಸಿಲಿಂಡರಿನ ಪಕ್ಕದಲ್ಲಿದ್ದವು. ಹೊಗೆ ಬಳಸಿಕೊಂಡು ಹೋಗಬೇಕಾಗಿತ್ತು. ಅವುಗಳನ್ನು ನೆತ್ತಿಯ ಮೇಲೆ ಕೂರಿಸುವ ಏರ್ಪಾಡನ್ನು ಮನ್ರೋ ತಾನೇ ಯೋಚಿಸಿ ಮಾಡಿದ. 600 ಸಿ.ಸಿ. ಇದ್ದ ಗಾತ್ರ ಕಡೆಕಡೆಗೆ 950 ಸಿ.ಸಿ. ಆಯಿತು. ಹೊಟ್ಟೆಪಾಡಿಗೆ ಹಗಲು ಮೋಟಾರ್ ಸೈಕಲ್ ಮಾರುವ ಕೆಲಸ. ರಾತ್ರಿಯೆಲ್ಲ ಈ ಕೆಲಸ. ಎಷ್ಟೋ ದಿನ ಕಣ್ಣು ಮುಚ್ಚದೆ ಹಾಗೆಯೇ ಅಂಗಡಿಗೆ ಹೋಗುತ್ತಿದ್ದನಂತೆ.

ನನ್ನ ಮನಸ್ಸನ್ನು ಹಿಡಿದು ನಿಲ್ಲಿಸಿದ್ದು ಈ ಸಾಹಸವಲ್ಲ. ಅವನ ಕೊಟ್ಟಿಗೆಯಲ್ಲಿದ್ದ ಒಂದು ಹಲಗೆ. ಮುರಿದ ತೋಳುಗಳು, ಕರಗಿದ ಪಿಸ್ಟನ್ನುಗಳು, ಸೀಳಿದ ಸಿಲಿಂಡರುಗಳು — ನಮ್ಮಲ್ಲಾದರೆ ಗುಜರಿಗೆ ಹೋಗುವ ವಸ್ತುಗಳು — ಇವನ್ನೆಲ್ಲ ಅವನು ಎಸೆಯದೆ ಆ ಹಲಗೆಯ ಮೇಲೆ ಸಾಲಾಗಿ ಜೋಡಿಸಿ, ‘ವೇಗದೇವತೆಗೆ ನೈವೇದ್ಯ’ ಎಂಬರ್ಥದ ಬರಹವನ್ನು ಬರೆದಿದ್ದ. ಡೊನಾಲ್ಡ್‌ಸನ್ 1971ರಲ್ಲಿ ಮನ್ರೋವನ್ನು ಕುರಿತು ತೆಗೆದ ಮೊದಲ ಸಾಕ್ಷ್ಯಚಿತ್ರಕ್ಕೆ ಇಟ್ಟ ಹೆಸರೂ ಅದೇ.

ಇದು ವಿನೋದವೆಂದು ಓದುಗರು ಭಾವಿಸಬಹುದು. ವಿನೋದವೂ ಹೌದು. ಆದರೆ ನನ್ನ ಕಸುಬಿನವರಿಗೆ ಅದು ಬೇರೊಂದನ್ನು ನೆನಪಿಗೆ ತರುತ್ತದೆ. ಹಳಗನ್ನಡ ಕಾವ್ಯವೊಂದನ್ನು ಅಚ್ಚಿಗೆ ಸಿದ್ಧಪಡಿಸುವ ವಿದ್ವಾಂಸನ ಮುಂದೆ ಓಲೆಗರಿಗಳಿರುತ್ತವೆ: ಹುಳು ತಿಂದವು, ಅಂಚು ಮುರಿದವು, ಲಿಪಿಕಾರನ ಕೈತಪ್ಪಿನಿಂದ ಕೆಟ್ಟವು. ವಡ್ಡಾರಾಧನೆಯನ್ನು ಶೋಧಿಸಿಕೊಟ್ಟ ಡಿ. ಎಲ್. ನರಸಿಂಹಾಚಾರ್ಯರಂಥವರು ಇಂಥ ಗ್ರಂಥಗಳನ್ನು ಹೇಗೆ ತಿದ್ದಬೇಕೆಂಬುದನ್ನು ಒಂದು ಶಾಸ್ತ್ರವಾಗಿಯೇ ನಮಗೆ ಹೇಳಿಕೊಟ್ಟರು. ಆ ಶಾಸ್ತ್ರದ ಮೊದಲ ಧರ್ಮ ಇದು: ಸರಿಯೆಂದು ತೋರಿದ ಪಾಠವನ್ನು ಮೇಲೆ ಇಡು; ಬಿಟ್ಟ ಪಾಠಗಳನ್ನು ಅಡಿಯಲ್ಲಿ ಕೊಡು. ಎಸೆಯಬೇಡ, ಮರೆಮಾಚಬೇಡ. ನಾಳೆ ಬರುವವನು ನಿನ್ನ ತೀರ್ಮಾನವನ್ನು ಪರೀಕ್ಷಿಸಬೇಕಾದರೆ ನೀನು ತಳ್ಳಿಹಾಕಿದ್ದು ಅವನ ಕಣ್ಣಿಗೆ ಬೀಳಬೇಕು. ಮನ್ರೋವಿನ ಹಲಗೆ ಆ ಎಂಜಿನ್ನಿನ ಪಾಠಾಂತರಗಳ ಪಟ್ಟಿ. ಗಾಡಿಯೊಳಗಿದ್ದುದು ಅಂದಿಗೆ ಸರಿಯೆಂದು ತೋರಿದ ಪಾಠ. ಅದು ಏಕೆ ಸರಿಯೆಂಬುದಕ್ಕೆ ಆಧಾರ ಹಲಗೆಯ ಮೇಲಿತ್ತು. ತೋಳು ನಡುವೆ ಮುರಿದಿದ್ದರೆ ಒಂದು ಕಾರಣ, ಕಿವಿಯ ಬಳಿ ಮುರಿದಿದ್ದರೆ ಇನ್ನೊಂದು. ಓದಬಲ್ಲವನಿಗೆ ಮುರಿದ ಮುಖವೇ ಒಂದು ಬರಹ.

ಆದರೆ ಹೋಲಿಕೆ ಇಲ್ಲಿಗೆ ನಿಲ್ಲುತ್ತದೆ, ಅಲ್ಲಿಂದಾಚೆಗೆ ತೊಡಕು ಬರುತ್ತದೆ. ಗ್ರಂಥಸಂಪಾದಕನ ಗುರಿ ಕವಿ ಬರೆದ ಮೂಲಕ್ಕೆ ಹಿಂದಿರುಗುವುದು. ಹಳೆಯ ಮೋಟಾರ್ ಸೈಕಲ್ಲುಗಳನ್ನು ಸಂಗ್ರಹಿಸಿ ಸರಿಪಡಿಸುವ ರಸಿಕರ ಗುರಿಯೂ ಬಹುಮಟ್ಟಿಗೆ ಇದೇ: ಕಾರ್ಖಾನೆಯಿಂದ ಹೊರಬಿದ್ದ ದಿನ ಹೇಗಿತ್ತೋ ಹಾಗೆ ಮಾಡುವುದು. ಅದೇ ಬಣ್ಣ, ಅದೇ ಮೊಳೆ, ಅದೇ ತಿರುಪು. ಮನ್ರೋ ಮಾಡಿದ್ದು ಇದಕ್ಕೆ ತೀರ ವಿರುದ್ಧ. ಅವನು ಮೂಲಕ್ಕೆ ಬೆನ್ನು ಹಾಕಿ ನಡೆದವನು. ಇದನ್ನು ರಿಪೇರಿ ಎನ್ನಬಹುದೇ ಎಂದು ಕೇಳುವವರು ಉಂಟು. ಬಲು ಸ್ವಲ್ಪ ಮಾತ್ರ ಮೂಲದ್ದಾಗಿ ಉಳಿದ ಮೇಲೆ ಅದನ್ನು 1920ರ ಸ್ಕೌಟ್ ಎನ್ನುವುದು ಹೇಗೆ ಎಂಬುದೂ ನ್ಯಾಯವಾದ ಪ್ರಶ್ನೆಯೇ.

ನಾನು ಇದಕ್ಕೆ ಮರುಪ್ರಶ್ನೆ ಹಾಕುತ್ತೇನೆ. ಈಗ ಯಾರಾದರೂ ಆ ಗಾಡಿಯನ್ನು 1920ರ ಸ್ಥಿತಿಗೆ ತಂದು ನಿಲ್ಲಿಸಿದರೆ ಉಳಿಯುವುದೇನು? ಅದೇ ವರ್ಷ ತಯಾರಾದ ಅನೇಕ ಗಾಡಿಗಳಲ್ಲಿ ಒಂದು. ಅದರ ಮೇಲೆ ಕಳೆದ ರಾತ್ರಿಗಳೆಲ್ಲ ಒರೆಸಿಹೋಗುತ್ತವೆ. ನಮ್ಮ ಎಷ್ಟೋ ದೇವಾಲಯಗಳಲ್ಲಿ ಜೀರ್ಣೋದ್ಧಾರದ ಹೆಸರಿನಿಂದ ಹಳೆಯ ಶಾಸನದ ಕಲ್ಲಿಗೆ ಸುಣ್ಣ ಬಳಿದದ್ದನ್ನು ಕಂಡು ನೊಂದವರಿಗೆ ಈ ಮಾತು ಅರ್ಥವಾದೀತು. ಒಂದು ವಸ್ತುವಿನ ಮೂಲ ಯಾವುದೆಂಬುದು ಯಾವಾಗಲೂ ಅದು ಹುಟ್ಟಿದ ದಿನವೇ ಆಗಬೇಕಾಗಿಲ್ಲ. ಕಾವ್ಯಕ್ಕೆ ಒಬ್ಬ ಕವಿಯುಂಟು. ಈ ಎಂಜಿನ್ನಿಗೆ ಫ್ರಾಂಕ್ಲಿನ್ ಒಬ್ಬನೇ ಕವಿಯಲ್ಲ, ಮನ್ರೋವೂ ಕವಿ.

ಇದಕ್ಕೆ ತೆತ್ತ ಬೆಲೆಯನ್ನೂ ಹೇಳದಿದ್ದರೆ ಚರಿತ್ರೆ ಅಪೂರ್ಣವಾಗುತ್ತದೆ. ಅವನಿಗೆ ಹೆಂಡತಿ ಮಕ್ಕಳಿದ್ದರು. 1940ರ ದಶಕದ ಕೊನೆಯ ಹೊತ್ತಿಗೆ ಹೆಂಡತಿಯಿಂದ ದೂರವಾದ, ಉದ್ಯೋಗವನ್ನೂ ಬಿಟ್ಟ, ಗಾಡಿಯಿದ್ದ ಕೊಟ್ಟಿಗೆಯೇ ಮನೆಯಾಯಿತು. ಚಲನಚಿತ್ರದಲ್ಲಿ ಇದೆಲ್ಲ ಮುದುಕನ ಮೋಜಿನ ಒಂಟಿತನವಾಗಿ ಕಾಣುತ್ತದೆ. ಆದರೆ ರಾತ್ರಿಯೆಲ್ಲ ಅರದ ಸದ್ದು ಕೇಳುತ್ತ ಮಲಗಿದ ಮನೆಯವರ ಕಥೆ ಯಾವ ಹಲಗೆಯ ಮೇಲೂ ಇಲ್ಲ. ದೊಡ್ಡ ಸಾಧಕರ ಜೀವನಗಳನ್ನು ಓದುವಾಗ ನಾನು ಈಚೀಚೆಗೆ ಈ ಖಾಲಿ ಜಾಗಗಳನ್ನೂ ಹುಡುಕುತ್ತೇನೆ. ಎಲ್ಲ ಮುರುಕುಗಳನ್ನೂ ಯಾರೂ ಜೋಡಿಸಿಡುವುದಿಲ್ಲ.

ಫಲ ಬಂದಿತು, ನಿಧಾನವಾಗಿ. 1938ರಲ್ಲಿ ತನ್ನ ದೇಶದ ವೇಗದ ದಾಖಲೆ. 1957ರಲ್ಲಿ ಊರ ಬಳಿಯ ಓರೆಟಿ ಕಡಲ ತೀರದ ಮರಳಿನ ಮೇಲೆ ಗಂಟೆಗೆ 131.38 ಮೈಲಿ. ಅನಂತರ ಅವನ ಕಣ್ಣು ಅಮೆರಿಕದ ಯೂಟಾ ಸಂಸ್ಥಾನದ ಬಾನ್‌ವಿಲ್ ಎಂಬ ಬಯಲಿನ ಮೇಲೆ ಬಿದ್ದಿತು. ಪುರಾತನ ಕಾಲದ ಮಹಾ ಸರೋವರವೊಂದು ಬತ್ತಿ ಉಳಿದ ಉಪ್ಪಿನ ಹಾಸು ಅದು; ಮೈಲಿಗಟ್ಟಲೆ ಸಮತಟ್ಟು, ಕಣ್ಣು ಕೋರೈಸುವ ಬಿಳುಪು. ವೇಗದ ದಾಖಲೆ ಮಾಡುವವರಿಗೆ ಅದೇ ಕಾಶಿ. ಒಂದು ದಿಕ್ಕಿಗೆ ಓಡಿದರೆ ಸಾಲದು. ಗಾಳಿಯ ಸಹಾಯವನ್ನು ಕಳೆಯುವುದಕ್ಕಾಗಿ ಹಿಂದಕ್ಕೂ ಓಡಿ, ಎರಡರ ಸರಾಸರಿಯನ್ನು ತೆಗೆಯುತ್ತಾರೆ. ಎಂದರೆ ಎಂಜಿನ್ನು ಒಮ್ಮೆ ಪ್ರಾಣಬಿಟ್ಟು ಓಡಿದರೆ ಆಗದು. ಓಡಿದ ಮೇಲೆ ಬದುಕಿಯೂ ಇರಬೇಕು. ರಿಪೇರಿಯ ನಿಜವಾದ ಪರೀಕ್ಷೆ ಅಲ್ಲಿಯೇ.

1962ರಲ್ಲಿ, ತನ್ನ 63ನೆಯ ವಯಸ್ಸಿನಲ್ಲಿ, ಮನ್ರೋ ಅಲ್ಲಿ 883 ಸಿ.ಸಿ. ವರ್ಗದಲ್ಲಿ ಗಂಟೆಗೆ ಸುಮಾರು 179 ಮೈಲಿಯ ದಾಖಲೆ ಮಾಡಿದ. 1967ರ ಆಗಸ್ಟ್ ತಿಂಗಳಲ್ಲಿ ಸಾವಿರ ಸಿ.ಸಿ. ವರ್ಗದಲ್ಲಿ ಎರಡು ದಿಕ್ಕಿನ ಸರಾಸರಿ ಗಂಟೆಗೆ 183.586 ಮೈಲಿ, ಅರ್ಹತೆಗಾಗಿ ಒಂದೇ ದಿಕ್ಕಿಗೆ ಓಡಿದ ಓಟದಲ್ಲಿ 190.07 ಮೈಲಿ, ಎಂದರೆ ಸುಮಾರು 306 ಕಿಲೋಮೀಟರು. ಓಡಿಸಿದವನಿಗೆ 68 ವರ್ಷ; ಎಂಜಿನ್ನಿಗೆ 47 ವರ್ಷ; ಅದನ್ನು ಹೆತ್ತ ಕಾರ್ಖಾನೆ ಮುಚ್ಚಿ 14 ವರ್ಷ. ಹುಟ್ಟಿದಾಗ 55 ಮೈಲಿ ಓಡುತ್ತಿದ್ದ ಗಾಡಿ! ಜಗತ್ತಿನ ಚರಿತ್ರೆಯಲ್ಲಿ ಇಷ್ಟು ಸಲ ಒಡೆದು ಇಷ್ಟು ಬೆಳೆದ ಯಂತ್ರ ಇನ್ನೊಂದಿದೆಯೋ ಇಲ್ಲವೋ, ನಾನು ಕಂಡಿಲ್ಲ.

1978ರ ಜನವರಿ 6ರಂದು ಮನ್ರೋ ತೀರಿಕೊಂಡ. ಗಾಡಿಯನ್ನು ಅದೇ ಊರಿನ ಹೇಸ್ ಎಂಬ ಹಾರ್ಡ್‌ವೇರ್ ವ್ಯಾಪಾರಿಗಳು ಕೊಂಡು, ಜನರು ನೋಡುವಂತೆ ತಮ್ಮ ಅಂಗಡಿಯಲ್ಲಿಯೇ ಇಟ್ಟರು. ಸುತ್ತಿಗೆ, ಮೊಳೆ, ಅರಗಳ ನಡುವೆ. ಅದಕ್ಕಿಂತ ತಕ್ಕ ಜಾಗ ಇನ್ನಾವುದು?

ಇಷ್ಟಕ್ಕೆ ಮುಗಿಯಲಿಲ್ಲ. ಅವನು ತೀರಿಕೊಂಡು 36 ವರ್ಷಗಳಾದ ಮೇಲೆ, 2014ರಲ್ಲಿ, ಅವನ ಮಗ ಜಾನ್ ಹಳೆಯ ದಾಖಲೆಯ ಲೆಕ್ಕದಲ್ಲಿ ಒಂದು ತಪ್ಪನ್ನು ಕಂಡುಹಿಡಿದ. 1967ರಲ್ಲಿ ಸರಾಸರಿ ತೆಗೆದವರು ಗಣಿತದಲ್ಲಿ ಎಡವಿದ್ದರು. ಅಮೆರಿಕದ ಮೋಟಾರ್ ಸೈಕಲ್ ಸಂಘ ಅದನ್ನು ಒಪ್ಪಿ, ಅಂಕೆಯನ್ನು 184.087 ಎಂದು ತಿದ್ದಿತು. ಅರ್ಧ ಮೈಲಿಯ ವ್ಯತ್ಯಾಸ. ಯಾರಿಗೂ ಲಾಭವಿಲ್ಲ, ನಷ್ಟವಿಲ್ಲ. ಆದರೂ ನನಗೆ ಇಡೀ ಕಥೆಯಲ್ಲಿ ಇದು ಬಹಳ ಪ್ರಿಯವಾದ ಭಾಗ. ತಂದೆ ಲೋಹವನ್ನು ತಿದ್ದಿದ. ಮಗ ಲೆಕ್ಕವನ್ನು ತಿದ್ದಿದ. ಆ ದಿನದ ಹಳೆಯ ಅಂಕಿಅಂಶಗಳನ್ನು ಯಾರೋ ಎಸೆಯದೆ ಇಟ್ಟಿದ್ದರಿಂದಲೇ ಇದು ಸಾಧ್ಯವಾಯಿತು. ಬರಿಯ ಫಲಿತಾಂಶವನ್ನು ಮಾತ್ರ ಉಳಿಸಿಕೊಂಡಿದ್ದರೆ ತಪ್ಪು ತಪ್ಪಾಗಿಯೇ ಶಾಶ್ವತವಾಗುತ್ತಿತ್ತು. ಚರಿತ್ರೆ ಬರೆಯುವವರೂ, ನಮ್ಮಂಥ ಪಾಠ ಹೇಳುವವರೂ ಇದನ್ನು ನೆನಪಿನಲ್ಲಿಡಬೇಕು. ನಾವು ಗೆಲುವುಗಳನ್ನು ಜೋಪಾನ ಮಾಡುವಷ್ಟು ತಪ್ಪುಗಳನ್ನು ಜೋಪಾನ ಮಾಡುವುದಿಲ್ಲ. ತಪ್ಪಿನ ಗುರುತನ್ನು ಅಳಿಸಿದ ಮೇಲೆ ಗೆಲುವು ಹೇಗೆ ಬಂದಿತೆಂಬುದನ್ನು ಯಾರ ಬಳಿ ಕೇಳುವುದು?

ಈಗ ನನ್ನ ಮೇಜಿನ ಮೇಲಿನ ಪಿಸ್ಟನ್ನಿನ ವಿಷಯ. ತಂದೆಯವರು ಆ ಯೆಜ್ಡಿಯನ್ನು ಇನ್ನೂ ಆರೇಳು ವರ್ಷ ಓಡಿಸಿ, ಕೊನೆಗೆ ಮಾರಿಬಿಟ್ಟರು. ಸರಿಹೋದ ಎಂಜಿನ್ನು ಯಾರ ಪಾಲಾಯಿತೋ ತಿಳಿಯದು. ಎಣ್ಣೆಯ ವಿಷಯವನ್ನು ನಾನು ಅವರಿಗೆ ಕೊನೆಯವರೆಗೂ ಹೇಳಲಿಲ್ಲ. ಇಂದು ಹೇಳೋಣ, ನಾಳೆ ಹೇಳೋಣ ಎನ್ನುತ್ತ ಕಾಲ ಸರಿಯಿತು. ಅಷ್ಟರಲ್ಲಿ ಅವರೇ ಹೋದರು. ಅವರು ಹೋದ ಮೇಲೆ ಟ್ರಂಕನ್ನು ತೆಗೆದು ನೋಡುತ್ತಿದ್ದಾಗ, ಮನೆಯ ಪತ್ರಗಳ ಕೆಳಗೆ, ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿದ ಒಂದು ಭಾರವಾದ ಗಂಟು ಸಿಕ್ಕಿತು. ಬಿಚ್ಚಿದರೆ, ಆ ಪಿಸ್ಟನ್ನು. ಒಳಗೆ ಮಡಿಸಿಟ್ಟ ಒಂದು ಚೀಟಿ. ಗುಮಾಸ್ತರಾಗಿದ್ದವರು, ಯಾವ ಕಾಗದಕ್ಕೂ ತಾರೀಕು ಹಾಕದೆ ಬಿಟ್ಟವರಲ್ಲ. ತಾರೀಕಿನ ಕೆಳಗೆ ರಿಪೇರಿಗೆ ಆದ ಖರ್ಚು, ಅದರ ಕೆಳಗೆ ದುಂಡಾದ ಅಕ್ಷರಗಳಲ್ಲಿ ಎರಡೇ ಮಾತು: “ಎಣ್ಣೆ ಇಲ್ಲದೆ.”

ಮೇಸ್ತ್ರಿ ಹೇಳಿರಲಾರ, ಕೊಟ್ಟ ಮಾತಿಗೆ ತಪ್ಪುವವನಲ್ಲ. ಗೀರುಗಳನ್ನು ನೋಡಿ ತಂದೆಯವರು ತಾವೇ ಓದಿಕೊಂಡಿದ್ದರು. ಓದಿ, ನನ್ನನ್ನು ಒಂದು ಮಾತೂ ಕೇಳದೆ, ಜೋಪಾನವಾಗಿ ತೆಗೆದಿಟ್ಟಿದ್ದರು.

ಚೀಟಿ ಈಗಲೂ ಅದರೊಳಗೇ ಇದೆ. ವಿದ್ಯಾರ್ಥಿಗಳು ಪಿಸ್ಟನ್ನನ್ನು ಎತ್ತಿ ನೋಡುವಾಗ ಕೆಲವೊಮ್ಮೆ ಅದು ಮೇಜಿನ ಮೇಲೆ ಬೀಳುತ್ತದೆ. ಏನು ಸಾರ್ ಇದು ಎಂದು ಕೇಳುತ್ತಾರೆ. ಓದಿ ನೋಡಿ ಎನ್ನುತ್ತೇನೆ.